ಡಿಪಾರ್ಟ್‌ಮೆಂಟಿನ ನಾಟಕದ ಸೀಸನ್ ಪ್ಲ್ಯಾನ್ ಮಾಡೋದು ಹೇಗೆ: ಮೊದಲು ಕ್ಯಾಲೆಂಡರ್, ಆಮೇಲೆ ನಾಟಕ

ನಾಟಕ ಡಿಪಾರ್ಟ್‌ಮೆಂಟಲ್ಲಿ ಆ ವರ್ಷ ಆಡೋ ನಾಟಕಗಳನ್ನ ಆರಿಸೋ ಸೀಸನ್ ಮೀಟಿಂಗ್ ಅಂತ ಕೂತ್ರೆ ಸಾಕು, ಒಬ್ಬೊಬ್ರೂ ತಮ್ಮ ಕನಸಿನ ನಾಟಕದ ಹೆಸರು ಹೇಳೋಕೆ ಶುರು ಮಾಡ್ತಾರೆ, ಬೋರ್ಡ್ ತುಂಬುತ್ತೆ, ಎಲ್ರಿಗೂ ಖುಷಿ, ಮೂರು ತಿಂಗಳಾದ ಮೇಲೆ ನೋಡಿದ್ರೆ ವರ್ಕ್‌ಶಾಪಲ್ಲಿ ಎರಡು ನಾಟಕದ ಸೆಟ್ ಒಂದರ ಮೇಲೊಂದು ಬಿದ್ದಿರುತ್ತೆ, ಬಣ್ಣ ಹೊಡಿಯೋಕೆ ಒಂದು ನರಪಿಳ್ಳೆ ಇರಲ್ಲ. ನಾನೂ ಎರಡು ಸಲ ಹೀಗೆ ಕೈ ಸುಟ್ಕೊಂಡಿದೀನಿ. ಅದಕ್ಕೇ ಈಗ ಮೊದಲ ಮೀಟಿಂಗಲ್ಲಿ ನಾಟಕದ ಹೆಸರು ಎತ್ತೋ ಹಾಗೇ ಇಲ್ಲ, ಬರೀ ಕ್ಯಾಲೆಂಡರ್.

ಪರೀಕ್ಷೆ, ರಜೆ, ಬೇರೆ ಡಿಪಾರ್ಟ್‌ಮೆಂಟಿನವರು ಹಾಲ್ ಬುಕ್ ಮಾಡಿರೋ ದಿನ, ಎಲ್ಲಾ ಕೆಂಪಲ್ಲಿ ಗುರುತು ಹಾಕಿ. ಉಳಿದಿದ್ರಲ್ಲಿ ಮೊದಲ ಶೋ ಯಾವತ್ತು ಅಂತ ಇಟ್ಕೊಂಡು ಹಿಂದಕ್ಕೆ ಎಣಿಸ್ತಾ ಬನ್ನಿ. ಸಾಯಂಕಾಲ ಮಾತ್ರ ಸಿಗೋ ಸ್ಟೂಡೆಂಟ್ಸ್ ಜೊತೆ ಮಾತಿನ ನಾಟಕಕ್ಕೆ ಐದಾರು ವಾರ ಬೇಕು, ಮ್ಯೂಸಿಕಲ್ ಆದ್ರೆ ಎಂಟು ವಾರ ಇಟ್ಕೊಳ್ಳಿ, ಯಾಕಂದ್ರೆ ಅಲ್ಲಿ ಹಾಡು ಬೇರೆ ಕಲಿಬೇಕು, ಡ್ಯಾನ್ಸ್ ಬೇರೆ, ಸೀನ್ ಬೇರೆ, ಮೂರನ್ನೂ ಸೇರಿಸೋಕೆ ಕೂತಾಗ ಕುಣಿಯುವಾಗ ಉಸಿರು ಸಾಲ್ದೆ ಚೆನ್ನಾಗಿ ಬರ್ತಿದ್ದ ಹಾಡೂ ಕೆಟ್ಟು ಹೋಗುತ್ತೆ. ರಿಹರ್ಸಲ್ ಶುರು ಆಗೋ ಹೊತ್ತಿಗೆ ಸೆಟ್ ಡ್ರಾಯಿಂಗ್ ಫೈನಲ್ ಆಗಿರ್ಬೇಕು, ಇಲ್ಲಾಂದ್ರೆ ಬ್ಲಾಕಿಂಗ್, ಅಂದ್ರೆ ಯಾರು ಎಲ್ಲಿ ನಿಲ್ಬೇಕು, ಎಲ್ಲಿಂದ ಬರ್ಬೇಕು ಅನ್ನೋದು, ಎಲ್ಲಾ ಮುಗಿದ ಮೇಲೆ ಬಾಗಿಲು ಎಡಗಡೆಯಿಂದ ಬಲಗಡೆಗೆ ಹೋಗುತ್ತೆ, ನಟರು ಗೋಡೆಯೊಳಗಿಂದ ಎಂಟ್ರಿ ಕೊಡ್ಬೇಕಾಗುತ್ತೆ. ಒಂದು ಶೋ ಬಿಚ್ಚಿ ಇನ್ನೊಂದು ಕಟ್ಟೋಕೆ ಮಧ್ಯೆ ಕನಿಷ್ಠ ಒಂದು ವಾರ ಬಿಡಿ. ವರ್ಷಕ್ಕೆ ನಾಲ್ಕು ಸಾಕು: ಎರಡು ನಾಟಕ, ಒಂದು ಮ್ಯೂಸಿಕಲ್, ಒಂದು ಸಣ್ಣ ರೂಮಲ್ಲಿ ಸ್ಟೂಡೆಂಟೇ ಡೈರೆಕ್ಟ್ ಮಾಡೋದು. ಐದನೇದು ಯಾರಾದ್ರೂ ಕೇಳಿದ್ರೆ ಅದ್ರ ಕಾಸ್ಟ್ಯೂಮ್ ನೀವೇ ಹೊಲಿತೀರಾ ಅಂತ ಕೇಳಿ, ತಾನಾಗೇ ಸುಮ್ನಾಗ್ತಾರೆ.

ಮ್ಯೂಸಿಕಲ್ ಎರಡನೇ ಟರ್ಮ್‌ಗೆ ಇಡಿ ಅಂತ ನನ್ನ ಅಭಿಪ್ರಾಯ. ಹೊಸಬರಲ್ಲಿ ಯಾರಿಗೆ ಕಂಠ ಇದೆ, ಯಾರಿಗೆ ಬರೀ ಧೈರ್ಯ ಇದೆ ಅನ್ನೋದು ಅಷ್ಟೊತ್ತಿಗೆ ಗೊತ್ತಾಗಿರುತ್ತೆ. ಆಡಿಷನ್‌ಗೂ ಮುಂಚೆ ಪಾತ್ರ ಕೊಟ್ಬಿಡೋದು ತಪ್ಪು, ಆದ್ರೆ ಮೇನ್ ಪಾತ್ರದ ಶ್ರುತಿಗೆ ಕೂರೋ ಕಂಠ ಇರೋರು ಕನಿಷ್ಠ ಇಬ್ಬರಾದ್ರೂ ಇದಾರಾ ನೋಡ್ದೆ ಮ್ಯೂಸಿಕಲ್ ಆರಿಸೋದು ಅದಕ್ಕಿಂತ ದೊಡ್ಡ ತಪ್ಪು.

ಇನ್ನು ತಲೆ ಎಣಿಕೆ. ಆಡಿಷನ್‌ಗೆ ಹುಡುಗೀರು ಜಾಸ್ತಿ ಬರ್ತಾರೆ, ಹಳೇ ನಾಟಕಗಳಲ್ಲಿ ಗಂಡು ಪಾತ್ರ ಜಾಸ್ತಿ, ಈ ಲೆಕ್ಕ ಇಡೀ ಸೀಸನ್ ಮೇಲೆ ಹಾಕಿ, ಒಂದೊಂದು ನಾಟಕದ ಮೇಲಲ್ಲ. ಇಬ್ಸೆನ್‌ನ 'ಎ ಡಾಲ್ಸ್ ಹೌಸ್' ತಗೊಂಡ್ರೆ ಒಂದೇ ರೂಮಿನ ಸೆಟ್, ಮುಖ್ಯ ಪಾತ್ರ ಐದೇ. ವರ್ಕ್‌ಶಾಪ್‌ಗೆ ಹಬ್ಬ, ಆದ್ರೆ ಪಾತ್ರ ಸಿಗ್ದೇ ಇರೋ ಮೂವತ್ತು ಜನ ಏನ್ ಮಾಡ್ಬೇಕು? ಅದ್ರ ಹಿಂದೇನೇ ದೊಡ್ಡ ಕೋರಸ್ ಇರೋ 'ದ ಪೈರೇಟ್ಸ್ ಆಫ್ ಪೆನ್ಜಾನ್ಸ್' ಥರದ್ದು ಇಟ್ರೆ ಎರಡೂ ಕಡೆ ತೂಗುತ್ತೆ.

ಈ ಎರಡೂ ಮೊದಲು ಸ್ಟೇಜ್ ಮೇಲೆ ಬಂದಿದ್ದು 1879ರ ಡಿಸೆಂಬರಲ್ಲಿ, ಹೆಚ್ಚು ಕಮ್ಮಿ ಹತ್ತು ದಿನದ ಅಂತರದಲ್ಲಿ. ಪೈರೇಟ್ಸ್ ಬರೆದ ಗಿಲ್ಬರ್ಟ್ ಮತ್ತು ಸಲಿವನ್ ಇಂಗ್ಲೆಂಡಿನವರಾದ್ರೂ ಅದನ್ನ ನ್ಯೂಯಾರ್ಕಲ್ಲಿ ಶುರು ಮಾಡಿದ್ರು, ಯಾಕಂದ್ರೆ ಅವರ ಹಿಂದಿನ ಮ್ಯೂಸಿಕಲ್‌ನ ಅಮೆರಿಕದ ಕಂಪನಿಗಳು ಒಂದು ಕಾಸೂ ಕೊಡ್ದೆ ಆಡಿದ್ವು. ಕಳ್ಳರ ಕಾಟಕ್ಕೆ ಕಡಲ್ಗಳ್ಳರ ನಾಟಕ! ಈಗ ಇವೆರಡೂ ಕಾಪಿರೈಟಿಂದ ಹೊರಗಿವೆ. ಆದ್ರೆ ಹುಷಾರು, ಇಬ್ಸೆನ್ ಸತ್ತಿದ್ದು 1906ರಲ್ಲಿ ಅಂತ ನೀವು ಮೊನ್ನೆ ಬಂದ ಅನುವಾದ ಎತ್ಕೊಂಡು ಆಡಂಗಿಲ್ಲ, ಅನುವಾದಕ್ಕೆ ಅದರದ್ದೇ ಹಕ್ಕು ಇರುತ್ತೆ. ಈ ಹಕ್ಕು ಭಾರತದಲ್ಲಿ ಬರೆದವರು (ಅನುವಾದ ಆದ್ರೆ ಅನುವಾದಕರು) ಸತ್ತು 60 ವರ್ಷದ ತನಕ ಇರುತ್ತೆ, ಯುರೋಪಿನಲ್ಲಿ 70.

ಹೊಸ ಮ್ಯೂಸಿಕಲ್ ಆದ್ರೆ ಎಂಟಿಐ, ಕಾನ್‌ಕಾರ್ಡ್ ಥರದ ಲೈಸೆನ್ಸಿಂಗ್ ಕಂಪನಿ ಹತ್ರ ಹೋಗ್ಬೇಕು. ಸೀಟು ಎಷ್ಟು, ಟಿಕೆಟ್ ಎಷ್ಟು, ಶೋ ಎಷ್ಟು ಅಂತ ಕೇಳಿ ರೇಟ್ ಹೇಳ್ತಾರೆ, ಮೂಗಿಗಿಂತ ಮೂಗುತಿ ಭಾರ ಆಗೋದು ಇಲ್ಲೇ. ಡೈಲಾಗ್ ಕತ್ತರಿಸೋಕೆ, ಪಾತ್ರದ ಲಿಂಗ ಬದಲಿಸೋಕೆ, ವಿಡಿಯೋ ಮಾಡೋಕೆ ಎಲ್ಲಕ್ಕೂ ಬೇರೆ ಪರ್ಮಿಷನ್. ಅದೇ ಶೋನ ದೊಡ್ಡ ಪ್ರೊಫೆಷನಲ್ ತಂಡ ಹತ್ರದಲ್ಲೆಲ್ಲೋ ಆಡ್ತಿದ್ರೆ ನಿಮಗೆ ಇಲ್ಲ ಅಂದ್ರೂ ಅಂದ್ರೇ, ಹಾಗಾಗಿ ಕಾಗದ ಕೈಗೆ ಬರೋ ತನಕ ಪೋಸ್ಟರ್ ಬೇಡ, ಎರಡನೇ ಆಯ್ಕೆ ಜೇಬಲ್ಲಿರಲಿ. ಬಾಡಿಗೆಗೆ ಬಂದ ಮ್ಯೂಸಿಕ್ ಪುಸ್ತಕದಲ್ಲಿ ಪೆನ್ಸಿಲ್ ಮಾತ್ರ ಬಳಸಿ, ಶೋ ಮುಗಿದ ಮೇಲೆ ಅಳಿಸಿ ವಾಪಸ್ ಕೊಡ್ಬೇಕು. ಒಂದು ಸಲ ಮೂರು ಜನ ಕೂತು ರಾತ್ರಿಯೆಲ್ಲಾ ರಬ್ಬರ್ ತಿಕ್ಕಿದೀವಿ, ಯಾವನೋ ಪುಣ್ಯಾತ್ಮ ವಯೊಲಿನ್ ಪಾರ್ಟ್ ತುಂಬಾ ಹೈಲೈಟರ್ ಎಳೆದಿದ್ದ.

ಕೊನೇ ವಾರ ಟೆಕ್, ಅಂದ್ರೆ ಲೈಟು, ಸೌಂಡು, ಸೆಟ್ ಎಲ್ಲಾ ಸೇರಿಸಿ ಮಾಡೋ ರಿಹರ್ಸಲ್. ಇದಕ್ಕೆ ಕ್ಯಾಲೆಂಡರಲ್ಲಿ ಜಾಗ ಕೊಡ್ದಿರೋರು ಎಲ್ಲಾ ಕೊಟ್ಟೂ ಕೊಡ್ದಂಗೆ. ಕ್ಯೂ ಟು ಕ್ಯೂ ದಿನ ನಟನೆ ನೋಡಲ್ಲ, ಲೈಟು ಸೌಂಡು ಬದಲಾಗೋ ಜಾಗ ಮಾತ್ರ. ಸ್ಟೇಜ್ ಮ್ಯಾನೇಜರ್ ಎಲ್ಲಾ ಕ್ಯೂ ಗುರುತು ಹಾಕಿರೋ ಸ್ಕ್ರಿಪ್ಟ್, ಅಂದ್ರೆ ಪ್ರಾಂಪ್ಟ್ ಬುಕ್, ಮುಂದಿಟ್ಕೊಂಡು ಹೆಡ್‌ಸೆಟ್ಟಲ್ಲಿ 'ಲೈಟ್ 42 ಸ್ಟ್ಯಾಂಡ್‌ಬೈ' ಅಂತಾಳೆ, ಲೈಟ್ ಬೋರ್ಡಲ್ಲಿರೋ ಹುಡುಗ 'ಸ್ಟ್ಯಾಂಡಿಂಗ್ ಬೈ' ಅಂತಾನೆ, ಆಮೇಲೆ ಬರೋ ಆ ಒಂದು 'ಗೋ'ಗೆ ಬಟನ್ ಒತ್ತೋದು. ಅದಕ್ಕೇ ಹೆಡ್‌ಸೆಟ್ಟಲ್ಲಿ ಬೇರೆ ಯಾವ ಮಾತಿಗೂ 'ಗೋ' ಅನ್ನೋ ಶಬ್ದ ಬಳಸಂಗಿಲ್ಲ, ಒಬ್ಬಳು 'ಟೀಗೆ ಗೋ ಮಾಡೋಣ್ವಾ' ಅಂದಿದ್ದಕ್ಕೆ ನಮ್ಮಲ್ಲಿ ಸೂರ್ಯ ಎರಡು ಸೀನ್ ಮುಂಚೆ ಮುಳುಗಿದ್ದ. ಮ್ಯೂಸಿಕಲ್‌ಗೆ ಇದಕ್ಕೂ ಮುಂಚೆ ಗಾಯಕರು ಆರ್ಕೆಸ್ಟ್ರಾ ಎರಡೂ ಕೂತ್ಕೊಂಡೇ ಹಾಡೋ ಒಂದು ರಿಹರ್ಸಲ್ ಬೇಕು, ಸಿಟ್ಸ್‌ಪ್ರೋಬ್ ಅಂತಾರೆ. ದುಡ್ಡು ಉಳಿಸೋಕೆ ಇದನ್ನ ಬಿಡ್ಬೇಡಿ, ಪಿಯಾನೋ ಜೊತೆ ಎಂಟು ವಾರ ಹಾಡಿದವನಿಗೆ ಡ್ರಮ್ಸ್ ಕೇಳಿದ ತಕ್ಷಣ ತನ್ನ ಸ್ವರಾನೇ ಸಿಗಲ್ಲ.

ಕೊನೇ ಶೋ ಮುಗಿದ ರಾತ್ರೀನೇ ಸೆಟ್ ಬಿಚ್ಚಿ, ನಾಳೆ ಅಂದ್ರೆ ಯಾರೂ ಬರಲ್ಲ. ಹೀರೋ ಪಾತ್ರ ಮಾಡಿದವನ ಕೈಗೂ ಡ್ರಿಲ್ ಕೊಡಿ. ಹಲಗೆಗಳ ಸ್ಕ್ರೂ ಎಲ್ಲಾ ತೆಗೆಸಿ, ಸೆಟ್ಟಿನ ಗೋಡೆಯಾಗೋ ಚೌಕಟ್ಟುಗಳು, ಅಂದ್ರೆ ಫ್ಲ್ಯಾಟ್‌ಗಳ ಹಿಂದೆ ಅಳತೆ ಬರೆದು ಗೋಡೆಗೆ ಒರಗಿಸಿ, ಮುಂದಿನ ನಾಟಕದ ಡಿಸೈನರ್ ಬೆಳಿಗ್ಗೆ ಟೇಪ್ ಹಿಡ್ಕೊಂಡು ಬರ್ತಾಳೆ.