ಅಮೆರಿಕದಲ್ಲಿ ಕೆಲಸ ಬದಲಾದಾಗ ಇನ್ಶೂರೆನ್ಸ್: ಶುಗರ್, ಬಿಪಿ, ಥೈರಾಯ್ಡ್ ಇರುವ ನಮ್ಮ ಕಡೆಯವರಿಗೆ

ಕಲಬುರಗಿಯಲ್ಲಿ ಶುಗರ್ ಇದ್ದವರು ಡಾಕ್ಟರ್ ಚೀಟಿ ಹಿಡಿದು ಸೂಪರ್ ಮಾರ್ಕೆಟ್ ಕಡೆಯ ಔಷಧಿ ಅಂಗಡಿಗೆ ಹೋದರೆ ಸಾಕು, ದುಡ್ಡು ಕೊಟ್ಟು ಗುಳಿಗೆ ತರುತ್ತಾರೆ. ನಿನಗೆ ಕೆಲಸ ಇದೆಯಾ ಅಂತ ಯಾರೂ ಕೇಳಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಹೆಚ್ಚಿನವರಿಗೆ ಇನ್ಶೂರೆನ್ಸ್ ಬರುವುದೇ ಕಂಪನಿಯಿಂದ, ಹಾಗಾಗಿ ಕೆಲಸ ಹೋದರೆ ಅದೂ ಹೋಗುತ್ತದೆ. ಅವ್ವ-ಅಪ್ಪ ಗಾಬರಿ ಆಗ್ತಾರೆ ಅಂತ ಕಲಬುರಗಿ, ಬೀದರ್ ಕಡೆಯ ಹುಡುಗರು ಮನೆಗೆ ಏನೂ ಹೇಳದೆ, ಇರುವ ಗುಳಿಗೆಯನ್ನೇ ಅರ್ಧ ಮಾಡಿ ನುಂಗುತ್ತಾ ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ದಾರಿಗಳಿವೆ, ಆದರೆ ಎಲ್ಲಕ್ಕೂ ದಿನಗಳ ಲೆಕ್ಕ ಇದೆ.

ಮೊದಲು ಒಂದು ಭಯ ಬಿಡಿ. 2014ರಿಂದ ಕಂಪನಿ ಇನ್ಶೂರೆನ್ಸ್ ಆಗಲಿ, ಮಾರ್ಕೆಟ್‌ಪ್ಲೇಸ್‌ನಲ್ಲಿ (ಜನ ತಾವೇ ಇನ್ಶೂರೆನ್ಸ್ ಕೊಳ್ಳಲು ಸರ್ಕಾರ ಮಾಡಿದ ತಾಣ) ಕೊಳ್ಳುವ ಪ್ಲಾನ್ ಆಗಲಿ, ಹಳೇ ಕಾಯಿಲೆ ಇದೆ ಅಂತ ನಿಮ್ಮನ್ನು ಬೇಡ ಅನ್ನುವಂತಿಲ್ಲ, ಅದಕ್ಕಾಗಿ ಜಾಸ್ತಿ ಪ್ರೀಮಿಯಂ ಕೇಳುವಂತಿಲ್ಲ. ಆದರೆ ಅಗ್ಗಕ್ಕೆ ಸಿಗುವ ಶಾರ್ಟ್ ಟರ್ಮ್, ಅಂದರೆ ಸ್ವಲ್ಪ ಕಾಲದ ಪ್ಲಾನ್‌ಗಳಿಗೆ ಈ ನಿಯಮ ಇಲ್ಲ. ಶುಗರ್ ಇದ್ದವರು ಅವುಗಳ ಸಹವಾಸಕ್ಕೆ ಹೋಗದಿರುವುದೇ ಒಳ್ಳೆಯದು.

ರಾಜೀನಾಮೆ ಕೊಡುವ ಮೊದಲೇ ಎರಡು ದಿನಾಂಕ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ. ಹಳೇ ಇನ್ಶೂರೆನ್ಸ್ ಯಾವತ್ತು ಮುಗಿಯುತ್ತದೆ? ಕೆಲವು ಕಂಪನಿಗಳಲ್ಲಿ ಕೊನೆಯ ದಿನವೇ, ಕೆಲವು ಕಡೆ ಆ ತಿಂಗಳ ಕೊನೆಗೆ. ಹೊಸದು ಯಾವತ್ತು ಶುರು? ಹೊಸ ಕಂಪನಿ 90 ದಿನಗಳವರೆಗೆ ಕಾಯಿಸಬಹುದು. ನಡುವೆ ಉಳಿಯುವ ಆ ಖಾಲಿ ದಿನಗಳೇ ಕಷ್ಟ.

ಅದಕ್ಕೆ ಕೋಬ್ರಾ ಅಂತ ಒಂದು ಕಾನೂನು ಇದೆ. ಸಾಮಾನ್ಯವಾಗಿ 20 ಅಥವಾ ಹೆಚ್ಚು ಜನ ಇರುವ ಕಂಪನಿಯಾದರೆ, ಕೆಲಸ ಬಿಟ್ಟ ಮೇಲೂ ಅದೇ ಪ್ಲಾನನ್ನು 18 ತಿಂಗಳವರೆಗೆ ಇಟ್ಟುಕೊಳ್ಳಬಹುದು. ಆದರೆ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ನೀವೇ ಕಟ್ಟಬೇಕು, ಮೇಲೆ 2 ಶೇಕಡಾ ಖರ್ಚು ಸೇರಿಸುತ್ತಾರೆ. ದುಬಾರಿ ನಿಜ. ಇದರಲ್ಲಿ ಬಹಳ ಜನ ಗಮನಿಸದ ಅನುಕೂಲ ಏನೆಂದರೆ, ಬೇಕೋ ಬೇಡವೋ ಅಂತ ತಿಳಿಸಲು 60 ದಿನ ಇರುತ್ತದೆ, ಆಮೇಲೆ ಮೊದಲ ಕಂತಿಗೆ ಇನ್ನೂ 45 ದಿನ, ಮತ್ತು ಹಿಂದಿನ ಪ್ರೀಮಿಯಂ ಎಲ್ಲಾ ಕಟ್ಟಿದರೆ ಇನ್ಶೂರೆನ್ಸ್ ನಿಂತ ದಿನದಿಂದಲೇ ಜಾರಿಗೆ ಬರುತ್ತದೆ. ಅಂದರೆ ಸಣ್ಣ ಅಂತರವಾದರೆ ಕಾದು ನೋಡಬಹುದು, ದವಾಖಾನೆ ಸೇರುವ ಪರಿಸ್ಥಿತಿ ಬಂದರೆ ಆಗ ತೆಗೆದುಕೊಳ್ಳಬಹುದು. ನಡುವೆ ಕೈಯಿಂದ ಕೊಟ್ಟ ದುಡ್ಡಿನ ಬಿಲ್ಲುಗಳನ್ನು ಜೋಪಾನವಾಗಿ ಇಡಿ.

ಹೆಂಡತಿ ಅಥವಾ ಗಂಡನ ಕಂಪನಿ ಪ್ಲಾನಿಗೆ ಸೇರುವುದಾದರೆ ಹಳೇ ಇನ್ಶೂರೆನ್ಸ್ ನಿಂತ 30 ದಿನದೊಳಗೆ ಹೇಳಬೇಕು. ಮಾರ್ಕೆಟ್‌ಪ್ಲೇಸ್‌ಗೆ 60 ದಿನ, ಅದು ಪ್ಲಾನ್ ಆರಿಸಿದ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಶುರು. ಕೆಲಸ ಹೋದ ಎಚ್-1ಬಿ (ಕೆಲಸದ ವೀಸಾ) ಯವರಿಗೆ ದೇಶದಲ್ಲಿ ಉಳಿಯಲು ಸಿಗುವ ಗಡುವೂ ಹೆಚ್ಚೆಂದರೆ 60 ದಿನವೇ. ವೀಸಾ ಚಿಂತೆಯಲ್ಲಿ ಇನ್ಶೂರೆನ್ಸ್ ಕಾಗದ ಮೂಲೆಗೆ ಬೀಳುತ್ತದೆ, ಬೀಳಲು ಬಿಡಬೇಡಿ.

ಹೊಸ ಪ್ಲಾನ್ ಆರಿಸುವಾಗ ಎಲ್ಲರೂ ಪ್ರೀಮಿಯಂ ನೋಡುತ್ತಾರೆ. ನೀವು ಮೊದಲು ಔಷಧಿ ಪಟ್ಟಿ ನೋಡಿ, ಅದಕ್ಕೆ ಫಾರ್ಮುಲರಿ ಅನ್ನುತ್ತಾರೆ. ನಿಮ್ಮ ಇನ್ಸುಲಿನ್ ಅದರಲ್ಲಿ ಇದೆಯಾ? ನಿಮ್ಮ ಡಾಕ್ಟರ್ ಆ ಪ್ಲಾನಿನ ನೆಟ್‌ವರ್ಕ್‌ನಲ್ಲಿ, ಅಂದರೆ ಅದು ಒಪ್ಪಂದ ಮಾಡಿಕೊಂಡ ಡಾಕ್ಟರುಗಳ ಪಟ್ಟಿಯಲ್ಲಿ, ಇದ್ದಾರಾ? ಹಳೇ ಪ್ಲಾನಿನಲ್ಲಿ ಸಿಕ್ಕ ಪ್ರಯರ್ ಆಥರೈಸೇಶನ್ (ಔಷಧಿಗೆ ಇನ್ಶೂರೆನ್ಸ್‌ನವರು ಮುಂಚೆಯೇ ಕೊಡುವ ಒಪ್ಪಿಗೆ) ಸಾಮಾನ್ಯವಾಗಿ ಹೊಸದಕ್ಕೆ ನಡೆಯಲ್ಲ, ಡಾಕ್ಟರ್ ಮತ್ತೆ ಬರೆದು ಕಳಿಸಬೇಕು. ಕೆಲವು ಪ್ಲಾನ್‌ಗಳು ಮೊದಲು ಅಗ್ಗದ ಗುಳಿಗೆ ನುಂಗಿ ನೋಡು ಅನ್ನುತ್ತವೆ. ಅದನ್ನು ಈಗಾಗಲೇ ನೋಡಿ ಆಗಿದೆ ಅಂತ ತೋರಿಸಲು ಹಳೇ ದಾಖಲೆ ನಿಮ್ಮ ಕೈಯಲ್ಲೇ ಇರಲಿ. ಡಿಡಕ್ಟಿಬಲ್, ಅಂದರೆ ಇನ್ಶೂರೆನ್ಸ್ ಕೊಡಲು ಶುರು ಮಾಡುವ ಮೊದಲು ನೀವು ಕೈಯಿಂದ ಕಟ್ಟಬೇಕಾದ ಮೊತ್ತ ಕೂಡ ಸಾಮಾನ್ಯವಾಗಿ ಸೊನ್ನೆಯಿಂದ ಶುರುವಾಗುತ್ತದೆ. ಹಾಗಾಗಿ ಆಗಬೇಕಿರುವ ಪರೀಕ್ಷೆ, ರೀಫಿಲ್ ಎಲ್ಲಾ ಹಳೇ ಇನ್ಶೂರೆನ್ಸ್ ಇರುವಾಗಲೇ ಮುಗಿಸಿಕೊಳ್ಳಿ.

ಊರಿನಿಂದ ಗುಳಿಗೆ ತರುವವರು 90 ದಿನಕ್ಕಿಂತ ಜಾಸ್ತಿ ತರಬೇಡಿ. ಮೂಲ ಪ್ಯಾಕೆಟ್ಟಿನಲ್ಲೇ ಇರಲಿ. ಜೊತೆಗೆ ಇಂಗ್ಲಿಷಿನಲ್ಲಿ ಬರೆದ ಡಾಕ್ಟರ್ ಚೀಟಿ ಬೇಕು. ಅದರಲ್ಲಿ ಜೆನೆರಿಕ್ ಹೆಸರನ್ನೇ (ಔಷಧಿಯ ಮೂಲ ಹೆಸರು) ಬರೆಸಿಕೊಳ್ಳಿ, ಯಾಕೆಂದರೆ ನಮ್ಮ ಕಡೆಯ ಬ್ರ್ಯಾಂಡ್ ಹೆಸರು ಅಲ್ಲಿನ ಫಾರ್ಮಸಿಯವರಿಗೆ ಗೊತ್ತಾಗಲ್ಲ.