ಕಾರಿನ ಮಾನಿಟರ್ ಕಪ್ಪಾಯಿತೇ? ಮೊದಲು ಅರ್ತ್ ನೋಡಿ

ಕಾರಿನ ಕಂಪ್ಯೂಟರ್‌ಗೆ ಜೋಡಿಸಿದ ಮಾನಿಟರ್ ಕಪ್ಪಾದ ಕೂಡಲೇ ಹೊಸದು ಕೊಳ್ಳಲು ಓಡಬೇಡಿ. ಹಳೆಯದನ್ನು ಸುಟ್ಟ ವೈರಿಂಗ್ ಹಾಗೇ ಇದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಕೆಲಸ ಕಾರಿನಿಂದ ಶುರುವಾಗಲಿ, ಮಾನಿಟರ್ ಬಿಚ್ಚುವುದು ಆಮೇಲೆ. ಅರ್ತ್ ಎಂದರೆ ಕರೆಂಟ್ ಕಾರಿನ ಲೋಹದ ಬಾಡಿ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ.

ಕೈಗೆ ಬೇಕಾದದ್ದು ಡಿಜಿಟಲ್ ಮಲ್ಟಿಮೀಟರ್, ಹೋಲ್ಡರ್ ಸಮೇತ 12 ವೋಲ್ಟ್ 21 ವ್ಯಾಟ್ ಇಂಡಿಕೇಟರ್ ಬಲ್ಬು, 2 ಮತ್ತು 3 ಆಂಪಿಯರ್ ಫ್ಯೂಸ್, ಫ್ಯೂಸ್ ಹೋಲ್ಡರ್, 1 ಚದರ ಮಿ.ಮೀ. ವೈರು, ರಿಂಗ್ ಲಗ್ (ವೈರಿನ ತುದಿಗೆ ಹಾಕುವ ಲೋಹದ ಉಂಗುರ), ಸ್ಯಾಂಡ್ ಪೇಪರ್ ಮತ್ತು ಒಂದು ಟಾರ್ಚ್. ಡ್ಯಾಶ್‌ಬೋರ್ಡ್ ಒಳಗೆ ಹಳದಿ ಕವಚದ ವೈರು, ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್‌ನದು. ಅಲ್ಲಿ ಮೀಟರ್ ಕಡ್ಡಿ ಇಡಲೇಬೇಡಿ.

ಮೊದಲು ಟಾರ್ಚ್. ಮಾನಿಟರ್ ಆನ್ ಇರುವಾಗ ಪರದೆಗೆ ಓರೆಯಾಗಿ ಬೆಳಕು ಬಿಡಿ. ಚಿತ್ರ ಮಸುಕಾಗಿ ಕಂಡರೆ ಹೋಗಿರುವುದು ಬ್ಯಾಕ್‌ಲೈಟ್ ಮಾತ್ರ. ‘ನೋ ಸಿಗ್ನಲ್’ ಎಂದು ಬರುತ್ತಿದ್ದರೆ ಪವರ್ ಸರಿ ಇದೆ, ಕೇಬಲ್ ಅಥವಾ ಪೋರ್ಟ್ ನೋಡಬೇಕು. ಸೆಲ್ಫ್ ಹೊಡೆದಾಗ ಮಾತ್ರ ಆಫ್ ಆಗಿ ಮತ್ತೆ ಬಂದರೆ ಅದು ರೋಗವೇ ಅಲ್ಲ. ಆ ಕ್ಷಣ ಎಸಿಸಿ ಲೈನ್ (ಕೀ ತಿರುಗಿಸಿದಾಗ ಮಾತ್ರ ಪವರ್ ಬರುವ ವೈರು) ಕಡಿತವಾಗುತ್ತದೆ, ಬ್ಯಾಟರಿಯೂ 9–10 ವೋಲ್ಟಿಗೆ ಕುಸಿಯುತ್ತದೆ.

ಏನೂ ಬರದಿದ್ದರೆ ಮಾನಿಟರ್‌ನ ಪವರ್ ಪ್ಲಗ್ ಕಳಚಿ, ಮೀಟರ್ ಅನ್ನು ಡಿಸಿ 20 ವೋಲ್ಟ್‌ಗೆ ಇಟ್ಟು ಅಳೆಯಿರಿ. ಎಂಜಿನ್ ಆಫ್ ಇದ್ದಾಗ 12.4ರಿಂದ 12.7, ಓಡುವಾಗ 13.8ರಿಂದ 14.4 ಬರಬೇಕು. 15 ದಾಟಿದರೆ ಡೈನಮೋದ ರೆಗ್ಯುಲೇಟರ್ ಕೆಟ್ಟಿದೆ, ಅದು ಸರಿಯಾಗುವವರೆಗೆ ಮಾನಿಟರ್ ಮುಟ್ಟಬೇಡಿ. ಆದರೆ ಲೋಡ್ ಇಲ್ಲದೆ, ಅಂದರೆ ಕರೆಂಟ್ ಎಳೆಯುವ ಏನನ್ನೂ ಜೋಡಿಸದೆ ತೆಗೆದ ರೀಡಿಂಗ್ ನಂಬುವಂತಿಲ್ಲ. ಒಂದೇ ಒಂದು ಎಳೆ ಉಳಿದ ವೈರೂ ಮೀಟರ್‌ಗೆ 12 ವೋಲ್ಟ್ ತೋರಿಸುತ್ತದೆ. ಪ್ಲಗ್‌ಗೆ 21 ವ್ಯಾಟ್ ಬಲ್ಬು ಹಚ್ಚಿ ಮತ್ತೆ ಅಳೆಯಿರಿ. ಬ್ಯಾಟರಿಯ ಮೇಲಿನ ವೋಲ್ಟೇಜಿಗಿಂತ ಅರ್ಧ ವೋಲ್ಟಿಗೂ ಹೆಚ್ಚು ಇಳಿದಿದ್ದರೆ ವೈರಿಂಗ್‌ನಲ್ಲಿ ದೋಷ ಇದೆ. ಬಲ್ಬು ಉರಿಯುತ್ತಿರುವಾಗಲೇ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಪ್ಲಗ್‌ನ ಅರ್ತ್‌ಗೆ ಇಡಿ. 0.1 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಳ್ಳ ಅರ್ತ್ ಕಡೆಯೇ ಇದ್ದಾನೆ.

ಮಲೆನಾಡಿನಲ್ಲಿ ಹೆಚ್ಚಾಗಿ ಇರುವುದೂ ಅಲ್ಲೇ. ತೀರ್ಥಹಳ್ಳಿ, ಹೊಸನಗರದ ಕಡೆ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕಾರಿನ ಮ್ಯಾಟ್ ಒಣಗುವುದೇ ಇಲ್ಲ. ಕಾಲಿಡುವ ಜಾಗದ ಪಕ್ಕ ಕಾರಿನ ಲೋಹದ ಬಾಡಿಗೆ ಬಿಗಿದ ಅರ್ತ್ ಬೋಲ್ಟ್ ಹಸಿರು ಕಿಲುಬು ಹಿಡಿಯುತ್ತದೆ. ಕೊಟ್ಟಿಗೆಯ ಪಕ್ಕ, ಅಡಿಕೆ ಮನೆಯ ಮಾಡಿನಡಿ ನಿಲ್ಲಿಸಿದ ಕಾರಿಗೆ ಇಲಿ ಕಾಟ ಬೇರೆ. ಎಂಜಿನ್ ಬಿಸಿಗೆ ಒಳಸೇರಿ ಫ್ಯೂಸ್ ಬಾಕ್ಸ್ ಹಿಂದೆ, ವೈರು ಕ್ಯಾಬಿನ್‌ಗೆ ನುಸುಳುವ ರಬ್ಬರಿನ ಹತ್ತಿರ ಕಡಿದಿರುತ್ತದೆ. ಲೈವ್ ವೈರು ಕಡಿದು ಬಾಡಿಗೆ ತಾಗಿದರೆ ಫ್ಯೂಸ್ ಹಾರಿ ಮುಗಿಯುತ್ತದೆ. ಅರ್ತ್ ಕಡಿದರೆ ಫ್ಯೂಸ್‌ಗೆ ಗೊತ್ತೇ ಆಗುವುದಿಲ್ಲ.

ಏಕೆಂದರೆ ಅರ್ತ್ ತಪ್ಪಿದರೂ ಕರೆಂಟ್ ನಿಲ್ಲುವುದಿಲ್ಲ, ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಎಚ್‌ಡಿಎಂಐ ಅಥವಾ ವಿಜಿಎ ಕೇಬಲ್‌ನ ಶೀಲ್ಡ್ (ಒಳಗಿನ ಲೋಹದ ಹೊದಿಕೆ) ಮೂಲಕ ಕಂಪ್ಯೂಟರ್ ಸೇರಿ, ಅಲ್ಲಿಂದ ಬಾಡಿಗೆ ಇಳಿಯುತ್ತದೆ. ಮಾನಿಟರ್ ಎಂದಿನಂತೆ ಓಡುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಸಿಗ್ನಲ್‌ಗೆಂದು ಮಾಡಿದ ಆ ತೆಳು ದಾರಿಯಲ್ಲಿ ಪವರ್ ಹರಿದು ಕೊನೆಗೆ ಪೋರ್ಟ್ ಸುಡುತ್ತದೆ, ಕೆಲವೊಮ್ಮೆ ಕಂಪ್ಯೂಟರ್‌ನದ್ದೂ ಸೇರಿ. ಹೆಡ್‌ಲೈಟ್ ಹಾಕಿದಾಗ ಪರದೆಯಲ್ಲಿ ಗೆರೆ ಓಡುವುದು, ವಿಡಿಯೋ ಕೇಬಲ್ ಬೆಚ್ಚಗಾಗುವುದು ಇದರ ಮುನ್ಸೂಚನೆ. ಪರೀಕ್ಷೆ ಸುಲಭ: ವಿಡಿಯೋ ಕೇಬಲ್ ಕಿತ್ತು, ಪವರ್ ಮಾತ್ರ ಕೊಡಿ. ಕೇಬಲ್ ಇದ್ದಾಗ ಓಡುತ್ತಿದ್ದ ಮಾನಿಟರ್ ಈಗ ಸತ್ತರೆ ಅದರ ಸ್ವಂತ ಅರ್ತ್ ಇಲ್ಲ ಎಂದೇ ಅರ್ಥ. ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ಲಗ್ ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಮಾನಿಟರ್ ಮತ್ತು ಕಂಪ್ಯೂಟರ್ ಎರಡರ ಅರ್ತ್ ಒಂದೇ ಬೋಲ್ಟ್‌ಗೆ ಬರಲಿ. ಜೋಡಿಸುವಾಗ ಅರ್ತ್ ಮೊದಲು, ವಿಡಿಯೋ ಕೇಬಲ್ ಕೊನೆಗೆ.

ಮಾನಿಟರ್ ಕೊಲ್ಲುವ ಇನ್ನೆರಡು ಕಾರಣಗಳೂ ನಮ್ಮ ರಸ್ತೆಗಳಿಗೆ ಹೊಸತಲ್ಲ. ಘಾಟಿಯಲ್ಲಿ ಬ್ಯಾಟರಿ ಡೌನ್ ಆದಾಗ ಸಿಕ್ಕಿದ ಲಾರಿಯಿಂದ ಜಂಪ್ ಕೊಡಿಸುವುದು ಒಂದು. ದೊಡ್ಡ ಲಾರಿ, ಬಸ್ಸುಗಳದ್ದು 24 ವೋಲ್ಟ್. ಇನ್ನೊಂದು, ಹೊಂಡದ ರಸ್ತೆಯಲ್ಲಿ ಬ್ಯಾಟರಿ ಟರ್ಮಿನಲ್ ಸಡಿಲವಾಗುವುದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕಳಚಿದರೆ ಡೈನಮೋದ ವೋಲ್ಟೇಜ್ ಒಂದು ಕ್ಷಣ 30–40ರ ಆಚೆಗೂ ಹಾರಬಹುದು. ಉಲ್ಟಾ ವೈರ್ ಕೊಟ್ಟು ಸುಟ್ಟವೂ ಇವೆ. ಹೊರಗಿನಿಂದ ತಂದ ಸೆಟ್ಟಿನಲ್ಲಿ ಅದರದೇ ವೈರುಗಳ ಪೈಕಿ ಸಾಮಾನ್ಯವಾಗಿ ಹಳದಿ (ಏರ್‌ಬ್ಯಾಗ್‌ನ ಹಳದಿ ಅಲ್ಲ) ಬ್ಯಾಟರಿ, ಕೆಂಪು ಎಸಿಸಿ, ಕಪ್ಪು ಅರ್ತ್. ಕಾರಿನ ಕಡೆಯ ಬಣ್ಣ ಕಂಪನಿಗೊಂದು, ಅಳೆಯದೆ ಸೇರಿಸಬೇಡಿ.

ವೈರಿಂಗ್ ಸರಿಹೋದ ಮೇಲೆ ಮಾನಿಟರ್‌ನ ಸರದಿ. ಪಾಸಿಟಿವ್ ವೈರಿನಲ್ಲಿ ಅದೇ ಬಲ್ಬನ್ನು ಸೀರೀಸ್‌ಗೆ, ಅಂದರೆ ಕರೆಂಟ್ ಬಲ್ಬನ್ನು ದಾಟಿಯೇ ಮಾನಿಟರ್‌ಗೆ ಹೋಗುವಂತೆ ಹಾಕಿ ಪವರ್ ಕೊಡಿ. ಒಳಗೆ ಶಾರ್ಟ್ ಇದ್ದರೂ ಬಲ್ಬು ಪೌಣೇ ಎರಡು ಆಂಪಿಯರ್‌ಗಿಂತ ಹೆಚ್ಚು ಹರಿಯಗೊಡುವುದಿಲ್ಲ. ಪೂರ್ತಿ ಪ್ರಕಾಶ ಬಂದರೆ ಶಾರ್ಟ್. ಮಿಣುಕಾದರೆ ಮಾನಿಟರ್ ಕರೆಂಟ್ ಎಳೆಯುತ್ತಿದೆ. ಸ್ವಿಚ್ ಒತ್ತಿದರೂ ಏನೂ ಇಲ್ಲದಿದ್ದರೆ ಒಳಗಿನ ಫ್ಯೂಸ್ ಅಥವಾ ಡಯೋಡ್ ಓಪನ್ ಆಗಿರಬಹುದು, ಅಂದರೆ ಒಳಗೆ ದಾರಿ ಕಡಿದಿರಬಹುದು.

ಪವರ್ ಕಿತ್ತು ಹಿಂಬದಿ ತೆಗೆದು ಜಾಕ್‌ನಿಂದ ಒಳಕ್ಕೆ ಹೋಗಿ. ಫ್ಯೂಸ್, ಡಯೋಡ್, ಕೆಪಾಸಿಟರ್, ಕಾಯಿಲ್ ಪಕ್ಕದ ರೆಗ್ಯುಲೇಟರ್ ಐಸಿ ಸಿಗುತ್ತವೆ. ಮೀಟರ್‌ನ ಡಯೋಡ್ ಮೋಡ್‌ನಲ್ಲಿ ಎರಡೂ ದಿಕ್ಕಿಗೆ ಸೊನ್ನೆ ತೋರಿಸುವ ಡಯೋಡ್‌ನ ಒಂದು ಕಾಲು ಎತ್ತಿ ಮತ್ತೆ ನೋಡಿ. ಸಪ್ಲೈಗೆ ಅಡ್ಡ ಕೂತ ಟಿವಿಎಸ್ ಡಯೋಡ್ (ಹೆಚ್ಚುವರಿ ವೋಲ್ಟೇಜ್ ತಡೆಯುವ ಡಯೋಡ್) ಶಾರ್ಟ್ ಆಗಿದ್ದರೆ ಖುಷಿಪಡಿ, ಅದು ತಾನು ಸತ್ತು ಉಳಿದದ್ದನ್ನು ಕಾಪಾಡಿರುವ ಸಾಧ್ಯತೆ ಹೆಚ್ಚು. ಅದೇ ನಂಬರಿನದು ಹಾಕಿ. ಅದಿಲ್ಲದೆ ಮಾನಿಟರ್ ಓಡುತ್ತದೆ ಎಂದು ಹಾಗೇ ಮುಚ್ಚಬೇಡಿ. ಉಬ್ಬಿದ 25 ವೋಲ್ಟ್ ಕೆಪಾಸಿಟರ್ ಬದಲಿಗೆ ಅದೇ ಮೈಕ್ರೋಫ್ಯಾರಡ್‌ನ 35 ವೋಲ್ಟ್, 105 ಡಿಗ್ರಿಯದು ಒಳ್ಳೆಯದು. ಆಮೇಲೆ ಪವರ್ ಕೊಟ್ಟು ಅಳೆಯಿರಿ. ಐಸಿಗೆ 12 ಬಂದು ಕಾಯಿಲ್‌ನ ಆಚೆ ತುದಿಯಲ್ಲಿ 5 ವೋಲ್ಟ್ ಇಲ್ಲದಿದ್ದರೆ ಐಸಿಯನ್ನೋ ಅದರ ಮುಂದಿನ ಶಾರ್ಟನ್ನೋ ಸಂಶಯಿಸಿ. 3.3 ವೋಲ್ಟ್ ಲೈನ್ ಅರ್ತ್‌ಗೆ ನೇರ ಶಾರ್ಟ್ ತೋರಿಸಿದರೆ ಮುಖ್ಯ ಚಿಪ್ ಹೋಗಿರುವುದೇ ಹೆಚ್ಚು. ಅಲ್ಲಿಗೆ ರಿಪೇರಿ ಬಿಟ್ಟು ಪ್ಯಾನೆಲ್ ನಂಬರಿಗೆ ಹೊಂದುವ ಬೋರ್ಡ್ ತರಿಸುವುದೇ ಲೇಸು. ಟ್ಯೂಬ್ ಬ್ಯಾಕ್‌ಲೈಟ್ ಇರುವ ಹಳೆಯ ಮಾನಿಟರ್‌ನಲ್ಲಿ ಇನ್ವರ್ಟರ್ ನೂರಾರು ವೋಲ್ಟ್ ಕೊಡುತ್ತದೆ, ಪವರ್ ಇರುವಾಗ ಕೈ ಹಾಕಬೇಡಿ.

ಮರಳಿ ಕೂರಿಸುವಾಗ ಫ್ಯೂಸ್ ಲೈವ್ ತೆಗೆದುಕೊಂಡ ಜಾಗದ ಹತ್ತಿರವೇ ಇರಲಿ. 7 ಇಂಚಿಗೆ 2, 10 ಇಂಚಿಗೆ 3 ಆಂಪಿಯರ್ ಸಾಕು. ಪದೇ ಪದೇ ಹಾರುತ್ತದೆಂದು 10 ಹಾಕಿದರೆ ಮುಂದಿನ ಸಲ ಹಾರುವುದು ಫ್ಯೂಸ್ ಅಲ್ಲ. ಜಾಯಿಂಟ್‌ಗಳಿಗೆ ಸೋಲ್ಡರ್ ಮಾಡಿ ಹೀಟ್ ಶ್ರಿಂಕ್ ಏರಿಸಿ. ನಮ್ಮ ತೇವಕ್ಕೆ ಇನ್ಸುಲೇಷನ್ ಟೇಪಿನ ಅಂಟು ಬಿಟ್ಟುಕೊಳ್ಳುತ್ತದೆ. ಕೊನೆಗೆ ಎಂಜಿನ್ ಓಡಿಸಿ, ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಹಾಕಿ, ಮಾನಿಟರ್ ಆನ್ ಇರುವಾಗಲೇ ಅರ್ತ್ ಡ್ರಾಪ್ (ಬ್ಯಾಟರಿಯ ನೆಗೆಟಿವ್ ಮತ್ತು ಮಾನಿಟರ್ ಅರ್ತ್ ನಡುವಿನ ವೋಲ್ಟೇಜ್) ಮತ್ತೊಮ್ಮೆ ಅಳೆಯಿರಿ.