ಕಥೆಗಾರರಿಗೂ ಬೇಕು ಸಾಮು

ಅಭ್ಯಾಸಕ್ಕೆಂದು ಬರೆದದ್ದೆಲ್ಲ ಕಥೆಯಾಗಲೇಬೇಕು ಅಂದುಕೊಂಡರೆ ಕೈ ಬಿಗಿಯುತ್ತದೆ. ಹಾಗಾಗಿ ಮೊದಲು ಒಂದು ಬೇರೆ ನೋಟ್‌ಬುಕ್ ಇಟ್ಟುಕೊಳ್ಳಿ. ಅದರಲ್ಲಿ ಬರೆದದ್ದನ್ನು ಯಾವ ಪತ್ರಿಕೆಗೂ ಕಳಿಸುವುದಿಲ್ಲ ಎಂದು ನಿಮಗೆ ನೀವೇ ಮಾತು ಕೊಟ್ಟುಕೊಳ್ಳಿ. ದಿನಕ್ಕೆ ಅರ್ಧ ಗಂಟೆ, ಒಂದು ಅಭ್ಯಾಸ, ಒಂದೇ ಕಟ್ಟುಪಾಡು. ಎರಡು ಮೂರನ್ನು ಒಟ್ಟಿಗೆ ಬೆರೆಸಿದರೆ ಯಾವುದು ಕೈಗೆ ಹತ್ತಿತು ಎಂಬುದು ಗೊತ್ತಾಗುವುದಿಲ್ಲ.

1. ಹತ್ತು ನಿಮಿಷ, ನಿಲ್ಲಿಸದೆ

ಅಮೆರಿಕದಲ್ಲಿ ಬರವಣಿಗೆ ಕಲಿಸುತ್ತಿದ್ದ ಮೇಷ್ಟ್ರು ಪೀಟರ್ ಎಲ್ಬೋ 1973ರ ತಮ್ಮ ಪುಸ್ತಕದಲ್ಲಿ ಹೇಳಿಕೊಟ್ಟ ವಿಧಾನವಿದು. ಪೆನ್ನು ಎತ್ತುವಂತಿಲ್ಲ, ಹೊಡೆದು ಹಾಕುವಂತಿಲ್ಲ. ಏನೂ ತೋಚದಿದ್ದರೆ ‘ಏನೂ ತೋಚುತ್ತಿಲ್ಲ’ ಎಂದೇ ಬರೆಯಿರಿ. ಮರುದಿನ ಓದಿ, ಜೀವವಿರುವ ಒಂದು ಸಾಲಿಗೆ ಮಾತ್ರ ಗೆರೆ ಎಳೆಯಿರಿ.

2. ಹೇಳದೆ ಹೇಳುವುದು

ನನ್ನನ್ನು ಕೇಳಿದರೆ, ಬೇರೆಲ್ಲ ಬಿಟ್ಟು ಇದೊಂದನ್ನೇ ಮಾಡಿದರೂ ಸಾಕು. ಅಮೆರಿಕದ ಕಾದಂಬರಿಕಾರ, ಮೇಷ್ಟ್ರು ಜಾನ್ ಗಾರ್ಡ್ನರ್ ಕೊಟ್ಟ ಅಭ್ಯಾಸ: ಯುದ್ಧದಲ್ಲಿ ಈಗಷ್ಟೇ ಮಗನನ್ನು ಕಳೆದುಕೊಂಡವನ ಕಣ್ಣಿಗೆ ಒಂದು ಕೊಟ್ಟಿಗೆ ಹೇಗೆ ಕಾಣುತ್ತದೆ ಎಂದು ವರ್ಣಿಸಿ. ಮಗ, ಯುದ್ಧ, ಸಾವು ಈ ಮೂರರ ಸುದ್ದಿ ಬರಕೂಡದು.

ಕೊಟ್ಟಿಗೆಯೇ ಆಗಬೇಕಿಲ್ಲ, ಖಾಲಿ ಕೋಣೆ, ಮೆಟ್ಟಿಲು ಏನಾದರೂ ಆದೀತು. ಮೊದಲ ಸಲ ಬರೆಯುವಾಗ ಬಹುತೇಕರು ಮೋಡ ಕವಿಸುತ್ತಾರೆ, ಮುಸ್ಸಂಜೆ ತರುತ್ತಾರೆ, ಒಣಗಿದ ಎಲೆ ಉದುರಿಸುತ್ತಾರೆ. ಅದು ದುಃಖವನ್ನು ಹವಾಮಾನದ ತಲೆಗೆ ಕಟ್ಟಿದಂತೆ! ಆದ್ದರಿಂದ ಒಂದು ನಿಯಮ ಸೇರಿಸಿಕೊಳ್ಳಿ: ಸಮಯ ಬೆಳಿಗ್ಗೆ ಹತ್ತು ಗಂಟೆ, ಒಳ್ಳೆಯ ಬಿಸಿಲು. ಈಗ ಉಳಿಯುವುದು ಕಣ್ಣಿನ ಆಯ್ಕೆಯೊಂದೇ. ನೋಡುವವನು ಯಾವುದರ ಮೇಲೆ ತಡೆಯುತ್ತಾನೆ, ಯಾವುದನ್ನು ದಾಟಿ ಹೋಗುತ್ತಾನೆ?

‘ಬಾಗಿಲ ಪಕ್ಕದ ಗೋಡೆಯಲ್ಲಿ ಎರಡು ಮೊಳೆ. ಒಂದು ಆಳೆತ್ತರಕ್ಕೆ, ಇನ್ನೊಂದು ಸೊಂಟದೆತ್ತರಕ್ಕೆ. ಕೆಳಗಿನದು ಸವೆದು ಹೊಳೆಯುತ್ತಿದೆ.’

ಇಷ್ಟಾದ ಮೇಲೆ ಅದೇ ಜಾಗವನ್ನು, ಅದೇ ಬಿಸಿಲಿನಲ್ಲಿ, ನಾಳೆ ಮದುವೆಯಾಗಲಿರುವವಳ ಕಣ್ಣಿಂದ ಬರೆಯಿರಿ. ಮದುವೆಯ ಮಾತು ಎತ್ತಬೇಡಿ. ಎರಡನ್ನೂ ಪಕ್ಕಪಕ್ಕ ಇಟ್ಟು ವಿಶೇಷಣಗಳನ್ನೆಲ್ಲ ಹೊಡೆದು ಹಾಕಿ. ಆಮೇಲೂ ವ್ಯತ್ಯಾಸ ಕಾಣಿಸಿದರೆ ಅಭ್ಯಾಸ ಫಲಿಸಿತು. ಕಾಣಿಸದಿದ್ದರೆ ವಸ್ತುಗಳ ಆಯ್ಕೆಯಲ್ಲೇ ಸೋತಿದ್ದೀರಿ, ಬೇರೆ ವಸ್ತು ಹುಡುಕಿ.

3. ಒಂದೇ ಘಟನೆ, ಹಲವು ಬಾಯಿ

ಫ್ರೆಂಚ್ ಲೇಖಕ ರೇಮೋಂ ಕೆನೋ 1947ರಲ್ಲಿ, ಬಸ್ಸಿನಲ್ಲಿ ನಡೆದ ಕ್ಷುಲ್ಲಕ ಜಗಳದ ಪ್ರಸಂಗವೊಂದನ್ನು 99 ಬಗೆಯಲ್ಲಿ ಹೇಳಿದ ಪುಸ್ತಕ ತಂದರು. ನಮಗೆ ನಾಲ್ಕು ಸಾಕು. ಐದು ವಾಕ್ಯದ ಒಂದು ಘಟನೆ ಬರೆದುಕೊಳ್ಳಿ. ಅದನ್ನು ‘ನಾನು’ ಎಂದು ಹೇಳಿ, ಪೊಲೀಸರೆದುರು ಕೊಡುವ ಹೇಳಿಕೆಯಾಗಿ ಹೇಳಿ, ಕೊನೆಯಿಂದ ಮೊದಲಿಗೆ ಹೇಳಿ. ನಾಲ್ಕನೆಯದು ಸುಳ್ಳುಗಾರನ ಬಾಯಲ್ಲಿ. ಅವನು ಎಲ್ಲಿ ಸುಳ್ಳು ಹೇಳುತ್ತಿದ್ದಾನೆ ಎಂಬುದು ಓದುಗರಿಗೆ ಗೊತ್ತಾಗಬೇಕು, ಅವನ ಎದುರಿಗಿರುವವರಿಗೆ ಗೊತ್ತಾಗಬಾರದು. ಕಷ್ಟವಿರುವುದು ಇಲ್ಲೇ.

4. ಕೇಳಲಾಗದ ಮಾತು

ಇಬ್ಬರು ಮಾತಾಡುತ್ತಿದ್ದಾರೆ. ಒಬ್ಬರಿಗೆ ಇನ್ನೊಬ್ಬರಿಂದ ಏನೋ ಬೇಕು, ಬಾಯಿಬಿಟ್ಟು ಕೇಳುವಂತಿಲ್ಲ. ಇಪ್ಪತ್ತು ಸಾಲು ಬರೆಯಿರಿ. ಹೆಸರು ಬೇಡ, ‘ಎಂದ’, ‘ಎಂದಳು’ ಬೇಡ. ಒಂದೇ ಒಂದು ಕಡೆ ‘ನೀವು’ ಹೋಗಿ ‘ನೀನು’ ಬರಲಿ. ಎಲ್ಲಿ ಬರಬೇಕೆಂದು ಯೋಚಿಸುವಾಗಲೇ ಅವರಿಬ್ಬರ ಸಂಬಂಧ ನಿಮಗೆ ತಿಳಿಯಾಗುತ್ತದೆ. ಬರೆದದ್ದನ್ನು ಗಟ್ಟಿಯಾಗಿ ಓದಿ. ಯಾವ ಮಾತು ಯಾರದೆಂದು ಗೊಂದಲವಾದರೆ ಇಬ್ಬರ ಬಾಯಲ್ಲೂ ನೀವೇ ಮಾತಾಡುತ್ತಿದ್ದೀರಿ ಎಂದರ್ಥ.

ಮೂರು ಪದ ಕೊಟ್ಟು ಕಥೆ ಕಟ್ಟಿಸುವ ಆಟವನ್ನು ಇಲ್ಲಿ ಸೇರಿಸಿಲ್ಲ. ಗೋಷ್ಠಿಗಳಲ್ಲಿ ಅದು ಮಜವಾಗಿರುತ್ತದೆ, ಅಷ್ಟೆ.

5. ಅರ್ಧಕ್ಕೆ ಇಳಿಸುವುದು

ನಿಮ್ಮ ಹಳೆಯ ಕಥೆಯೊಂದರಿಂದ 500 ಪದಗಳಷ್ಟು ಭಾಗ ತೆಗೆದುಕೊಂಡು 250ಕ್ಕೆ ಇಳಿಸಿ. ಘಟನೆ ಒಂದೂ ಬಿಟ್ಟುಹೋಗಬಾರದು. ಮೊದಲ ಪ್ಯಾರಾವನ್ನೇ ತೆಗೆದು ನೋಡಿ. ಎಷ್ಟೋ ಕಥೆಗಳು ನಿಜವಾಗಿ ಶುರುವಾಗುವುದು ಎರಡನೆಯದರಿಂದ. ಆಮೇಲೆ ಪಾತ್ರದ ಭಾವನೆಗೆ ಹೆಸರಿಡುವ ವಾಕ್ಯಗಳಿಗೆ ಕತ್ತರಿ ಹಾಕಿ. ಇಳಿಸಿದ್ದನ್ನು, ಮೂಲ ಓದಿರದ ಒಬ್ಬರ ಕೈಗೆ ಕೊಟ್ಟು ಏನಾಯಿತೆಂದು ಕೇಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿಗೆ ಮಾತ್ರ ಒಂದೆರಡು ವಾಕ್ಯ ವಾಪಸ್ ಸೇರಿಸಿ.